ಚರ್ಮದ ದಿನಚರಿ



ಹೃದಯ, ಶ್ವಾಸಕೋಶ, ಮೂತ್ರಪಿಂಡ ಇವು ಅವಯವಗಳೆಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾದುದಿಲ್ಲ. ಚರ್ಮವನ್ನು ಮಾತ್ರ ನಾವು ಆ ಸಾಲಿನಲ್ಲಿ ಕೂರಿಸುವುದಿಲ್ಲ. ಅದು ಒಳಗಿನ ಯಂತ್ರಕ್ಕೆ ಹೊದಿಸಿದ ಬಟ್ಟೆಯೆಂದು ತಿಳಿದು, ಬಟ್ಟೆ ಮಾಸಿದರೆ ಒಗೆಯುವಂತೆಯೂ ಬಣ್ಣಗೆಟ್ಟರೆ ಬಣ್ಣ ಹಾಕಿಸುವಂತೆಯೂ ಅದರೊಡನೆ ವರ್ತಿಸುತ್ತೇವೆ. ವಾಸ್ತವವಾಗಿ, ಪ್ರಾಯದ ಮನುಷ್ಯನ ಮೈಮೇಲೆ ಒಂದೂವರೆಯಿಂದ ಎರಡು ಚದರ ಮೀಟರಿನಷ್ಟು ಹರಡಿರುವ ಈ ಚರ್ಮವು ದಿನದಿನವೂ ಹುಟ್ಟಿ ದಿನದಿನವೂ ಉದುರುವ ಒಂದು ಸಜೀವ ಅವಯವ. ಅದನ್ನು ಹಲವು ಕಾಲ ಆರೋಗ್ಯವಾಗಿಟ್ಟುಕೊಳ್ಳಲು ನಾವು ಪ್ರತಿದಿನ ಮಾಡತಕ್ಕುದೇನು, ಮಾಡದೆ ಬಿಡತಕ್ಕುದೇನು ಎಂಬುದೇ ಈ ಹೊತ್ತಿನ ವಿಷಯ.

ನಾವು ಚರ್ಮವೈದ್ಯರಲ್ಲವೆಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ. ಮನೆಯಲ್ಲಿ ಒದಗಿದ ಒಂದು ಕಷ್ಟದಿಂದಾಗಿ ಈ ವಿಷಯವನ್ನು ಓದಿ, ಬಲ್ಲವರನ್ನು ಕೇಳಿ ತಿಳಿಯಬೇಕಾಗಿ ಬಂತು. ಆ ಕಷ್ಟದಲ್ಲಿ ನಮ್ಮ ಪಾಲೂ ಇದ್ದುದರಿಂದ ಅದನ್ನು ಮರೆಮಾಚುವುದು ಸರಿಯಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಅಕ್ಕನ ಮಗಳಿಗೆ ವರನನ್ನು ನೋಡುತ್ತಿದ್ದರು. ಹುಡುಗಿ ಓದಿದವಳು, ಕೆಲಸದಲ್ಲಿರುವವಳು, ಎಣ್ಣೆಗೆಂಪು ಬಣ್ಣದವಳು. ಒಂದೆರಡು ಕಡೆ ಬಣ್ಣದ ಮಾತು ಬಂತು. ಆ ಮಾತು ಎಷ್ಟು ಮೆತ್ತಗೆ ಬಂದರೂ ಹೆಣ್ಣುಮಕ್ಕಳ ಕಿವಿಗೆ ಬೀಳದೆ ಇರುವುದಿಲ್ಲ. ಸ್ನೇಹಿತೆಯೊಬ್ಬಳು ಹೇಳಿದಳೆಂದು ಅವಳು ಔಷಧದ ಅಂಗಡಿಯಲ್ಲಿ ಒಂದು ಮುಲಾಮನ್ನು ಕೊಂಡು ತಂದಳು. ಅಂಗಡಿಯವನು ವೈದ್ಯರ ಚೀಟಿಯನ್ನು ಕೇಳಲಿಲ್ಲ. ಹದಿನೈದು ದಿನಗಳಲ್ಲಿ ಮುಖ ತಿಳಿಯಾಯಿತು, ನುಣುಪಾಯಿತು. ಹಬ್ಬಕ್ಕೆ ಹೋದ ನಾವು, ಹೀಗೆ ಹೇಳಲು ಈಗ ನಾಚಿಕೆಯಾಗುತ್ತದೆ, “ಏನಮ್ಮ, ಮುಖದಲ್ಲಿ ಕಳೆ ಬಂದಿದೆ” ಎಂದು ಎಲ್ಲರ ಮುಂದೆ ಮೆಚ್ಚಿ ಮಾತಾಡಿದೆವು. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಕೆನ್ನೆಯ ಮೇಲೆ ಕೆಂಪು ನರಗಳು ಎಳೆಯೆಳೆಯಾಗಿ ಕಾಣತೊಡಗಿದುವು, ಮೊಡವೆಗಳೆದ್ದುವು, ಗದ್ದದ ಮೇಲೆ ಕೂದಲು ದಟ್ಟವಾಯಿತು. ಮುಲಾಮನ್ನು ನಿಲ್ಲಿಸಿದರೆ ಮುಖ ಬೆಂಕಿಯಂತೆ ಉರಿಯುವುದು, ಹಚ್ಚಿದರೆ ಶಮನವಾಗುವುದು. “ಮಾವ, ಬಿಡುವುದಕ್ಕೂ ಆಗದು, ಹಚ್ಚುವುದಕ್ಕೂ ಆಗದು” ಎಂದು ಅವಳು ದೂರವಾಣಿಯಲ್ಲಿ ಅತ್ತಾಗ ನಮಗೆ ಉತ್ತರ ತೋಚಲಿಲ್ಲ.

ಅದರಲ್ಲಿದ್ದುದು ತೀಕ್ಷ್ಣವಾದ ಸ್ಟೀರಾಯ್ಡ್. ಇಸಬು ಮೊದಲಾದ ರೋಗಗಳಿಗೆ ಅದು ಬಹು ಒಳ್ಳೆಯ ಮದ್ದು. ವೈದ್ಯರು ಅಳತೆ ಹೇಳಿ, ಅವಧಿ ಹೇಳಿ ಕೊಟ್ಟರೆ ಹೆದರಿ ಬಿಡಬೇಕಾದುದಿಲ್ಲ. ತಿಂಗಳುಗಟ್ಟಲೆ ಮುಖಕ್ಕೆ ಅಂಗರಾಗವಾಗಿ ಹಚ್ಚಿದರೆ ಚರ್ಮವನ್ನು ತೆಳುವಾಗಿಸುತ್ತದೆ. ಇದು ನಮ್ಮೊಂದು ಮನೆಯ ಕಥೆಯೂ ಅಲ್ಲ. 2011ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ಭಾರತದ 12 ಕೇಂದ್ರಗಳಿಗೆ ಮುಖದ ಚರ್ಮದ ತೊಂದರೆಯೆಂದು ಬಂದ 2926 ಮಂದಿಯಲ್ಲಿ 433 ಮಂದಿ ಇಂತಹ ಮುಲಾಮುಗಳನ್ನು ಬಳಸುತ್ತಿದ್ದುದು ಕಂಡುಬಂತು. 2018ರಲ್ಲಿ ಭಾರತ ಸರ್ಕಾರವು ಇವುಗಳಲ್ಲಿ ಹಲವನ್ನು ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿತು. ಪಾದರಸ ಬೆರೆತ ಲೇಪಗಳದು ಇನ್ನೂ ಘೋರವಾದ ಸಂಗತಿ. 2021ರಿಂದ 2023ರ ವರೆಗೆ ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು ಮೂತ್ರಪಿಂಡದ ಒಂದು ಬಗೆಯ ರೋಗವಿದ್ದ 22 ಮಂದಿಯನ್ನು ಪರೀಕ್ಷಿಸಿದರು. ಅವರಲ್ಲಿ 15 ಮಂದಿಯಲ್ಲಿ ಆ ರೋಗದ ಅಪರೂಪದ ಪ್ರಭೇದವೊಂದು ಕಂಡಿತು. ಆ 15 ಮಂದಿಯಲ್ಲಿ 13 ಮಂದಿ ಬಿಳುಪಿನ ಲೇಪವನ್ನು ಹಚ್ಚಿಕೊಳ್ಳುತ್ತಿದ್ದವರು. ಮುಖಕ್ಕೆ ಹಚ್ಚಿದುದು ಮೂತ್ರಪಿಂಡವನ್ನು ಮುಟ್ಟಿತು. ಚರ್ಮವು ಬಟ್ಟೆಯಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗಾದರೆ ಅದರ ರಚನೆ ಎಂತಹದು? ಹೊರಗಿನ ಪದರವನ್ನು ಶಾಸ್ತ್ರಜ್ಞರು ಇಟ್ಟಿಗೆಯ ಗೋಡೆಗೆ ಹೋಲಿಸುತ್ತಾರೆ. ಒಣಗಿದ ಜೀವಕೋಶಗಳೇ ಇಟ್ಟಿಗೆ. ಅವುಗಳ ನಡುವಣ ಜಿಡ್ಡಿನ ಪದಾರ್ಥವೇ ಗಾರೆ. ಗಾರೆ ಗಟ್ಟಿಯಾಗಿದ್ದರೆ ಒಳಗಿನ ತೇವ ಹೊರಕ್ಕೆ ಹಾರದು, ಹೊರಗಿನ ಕೊಳೆಯೂ ಕ್ರಿಮಿಯೂ ಒಳಕ್ಕೆ ನುಗ್ಗವು. ತಳದಲ್ಲಿ ಹುಟ್ಟಿದ ಕೋಶವೊಂದು ಮೇಲಕ್ಕೆ ಬಂದು ಉದುರಲು ಯೌವನದಲ್ಲಿ ಸುಮಾರು ನಾಲ್ಕು ವಾರ ಹಿಡಿಯುತ್ತದೆ. ವಯಸ್ಸಾದಂತೆ ಇನ್ನೂ ಹೆಚ್ಚು. ಇದರಿಂದ ಒಂದು ವ್ಯಾವಹಾರಿಕವಾದ ತೀರ್ಮಾನ ತಾನಾಗಿಯೇ ಹೊರಡುತ್ತದೆ: ಯಾವ ಸಾಧುವಾದ ಉಪಚಾರದ ಫಲವನ್ನೂ ಒಂದೆರಡು ತಿಂಗಳು ಕಾಯದೆ ಅಳೆಯಲಾಗದು. ಹದಿನೈದು ದಿನಗಳಲ್ಲಿ ಬಣ್ಣ ತಿರುಗಿಸಿದ ಮುಲಾಮನ್ನು ಕಂಡು ನಾವು ಹಿಗ್ಗಿದ್ದೆವಲ್ಲ, ಸಂಶಯಪಡಬೇಕಾಗಿದ್ದುದೇ ಆಗ.

ಇನ್ನು ದಿನಚರಿಗೆ ಬರೋಣ. ಅದರಲ್ಲಿ ಮೂರೇ ಕೆಲಸಗಳು: ತೊಳೆಯುವುದು, ಜಿಡ್ಡು ಕೊಡುವುದು, ಬಿಸಿಲಿನಿಂದ ಕಾಯುವುದು. ಅಂಗಡಿಯ ಗಾಜಿನ ಬೀರುವಿನಲ್ಲಿ ಹತ್ತು ಬಗೆಯ ಸೀಸೆಗಳಿದ್ದರೂ ಆರೋಗ್ಯವಂತರಿಗೆ ಈ ಮೂರನ್ನು ಮೀರಿದುದು ಅವಶ್ಯವಲ್ಲ.

ತೊಳೆಯುವ ವಿಷಯದಲ್ಲಿ ನಮ್ಮವರದು ಅತಿ. 1916ರಲ್ಲಿ ಮೈಸೂರಿನಲ್ಲಿ ಶ್ರೀಗಂಧದೆಣ್ಣೆಯ ಕಾರ್ಖಾನೆ ನೆಲೆಗೊಂಡು, ಅದರ ಬೆನ್ನಿಗೆ ಬೆಂಗಳೂರಿನಲ್ಲಿ ಸಾಬೂನಿನ ಕಾರ್ಖಾನೆಯೂ ಬಂದ ನಾಡು ನಮ್ಮದು. ಸಾಬೂನಿನ ಮೇಲೆ ನಮಗೆ ಅಭಿಮಾನವಿರುವುದು ಸಹಜ. ಆದರೆ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲಗುಣದ್ದು, ಎಣ್ಣೆಯಿಂದ ಕಾಸಿದ ಸಾಬೂನು ಸ್ವಭಾವತಃ ಕ್ಷಾರ. ಕಂಕುಳು, ತೊಡೆಯ ಸಂದು, ಪಾದ ಇಂತಹ ಬೆವರುವ ಸ್ಥಳಗಳಿಗೆ ಅದು ಬೇಕು. ತೋಳಿಗೂ ಮೊಣಕಾಲಿಗೂ ದಿನಕ್ಕೆರಡು ಬಾರಿ ನೊರೆಯೇಳಿಸಿ ಉಜ್ಜಿದರೆ ಗಾರೆಯನ್ನೇ ಕೆರೆದಂತೆ. ಮುಖಕ್ಕೆ ಕ್ಷಾರವಿಲ್ಲದ ಮೃದುವಾದ ಮಾರ್ಜಕ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಸಾಕು. ಹಂಡೆಯ ಸುಡುನೀರನ್ನು ಬಿಟ್ಟು ಉಗುರುಬೆಚ್ಚಗಿನ ನೀರನ್ನು ಹಿಡಿಯುವುದು ಲೇಸು. ಚಳಿಗಾಲದಲ್ಲಿ ಈ ಬುದ್ಧಿವಾದ ಯಾರಿಗೂ ರುಚಿಸದೆಂಬುದನ್ನು ಬಲ್ಲೆವು.

ಜಿಡ್ಡಿನ ಮಾತು ನಮಗೆ ಹೊಸತಲ್ಲ. ವಾಗ್ಭಟನು ಅಷ್ಟಾಂಗಹೃದಯದ ದಿನಚರ್ಯೆಯಲ್ಲಿ ನಿತ್ಯವೂ ಅಭ್ಯಂಗವಾಗಬೇಕೆಂದೂ ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಆಗಬೇಕೆಂದೂ ವಿಧಿಸಿದ್ದಾನೆ. ನಾವು ಆ ನಿತ್ಯವನ್ನು ದೀಪಾವಳಿಗೂ ಯುಗಾದಿಗೂ ಇಳಿಸಿದೆವು. ಆ ದಿನವಾದರೂ ಹಚ್ಚಿದ ಎಣ್ಣೆಯನ್ನು ಸೀಗೆಕಾಯಿಯಿಂದ ಕಡೆಯ ತೊಟ್ಟಿನವರೆಗೆ ತಿಕ್ಕಿ ತೆಗೆಯುತ್ತೇವೆ. ಈಗಿನ ವೈದ್ಯರು ಸ್ನಾನವಾದ ಮೇಲೂ ಕೊಂಚ ಜಿಡ್ಡು ಮೈಮೇಲೆ ಉಳಿಯಬೇಕೆನ್ನುತ್ತಾರೆ. ಟವೆಲಿನಿಂದ ಉಜ್ಜದೆ ಒತ್ತಿ ಒರಸಿ, ಮೈ ಇನ್ನೂ ಪಸೆಯಾಗಿರುವಾಗಲೇ, ಎಂದರೆ ಎರಡು ಮೂರು ನಿಮಿಷಗಳೊಳಗೆ, ಕೊಬ್ಬರಿಯೆಣ್ಣೆಯನ್ನೋ ಪರಿಮಳವಿಲ್ಲದ ಕ್ರೀಮನ್ನೋ ಸವರಿದರೆ ಆ ನೀರು ಒಳಗೇ ನಿಲ್ಲುತ್ತದೆ. ಅಗ್ಗವಾದ ಪೆಟ್ರೋಲಿಯಂ ಜೆಲ್ಲಿಯೂ ಒಡೆದ ಹಿಮ್ಮಡಿಗೆ ದುಬಾರಿ ಲೇಪದಷ್ಟೇ ಕೆಲಸ ಮಾಡುತ್ತದೆ. ಮೊಡವೆಯ ಮುಖದವರು ಮಾತ್ರ ಮುಖಕ್ಕೆ ಕೊಬ್ಬರಿಯೆಣ್ಣೆಯನ್ನು ಹಚ್ಚಕೂಡದು. ಅವರಿಗೆ ಹಗುರವಾದ, ರಂಧ್ರಗಳನ್ನು ಮುಚ್ಚದ ಲೇಪ ತಕ್ಕುದು. ಮಂಗಳೂರಿನ ಬೆವರಿಗೆ ಒಗ್ಗುವುದು ಬೆಂಗಳೂರಿನ ಮಾಘಮಾಸದ ಒಣಗಾಳಿಗೆ ಒಗ್ಗದು. ಅಕ್ಕನ ದಿನಚರಿ ತಂಗಿಗೆ ಸಲ್ಲಬೇಕೆಂಬ ನಿಯಮವೂ ಇಲ್ಲ.

ಮೂರನೆಯದಾದ ಬಿಸಿಲಿನ ವಿಷಯವನ್ನು ಸ್ವಲ್ಪ ವಿಸ್ತರಿಸಬೇಕು. ಏಕೆಂದರೆ ವಯಸ್ಸಿನ ಲಕ್ಷಣವೆಂದು ನಾವು ಒಪ್ಪಿಕೊಳ್ಳುವ ಸುಕ್ಕು, ಕಲೆ, ಒರಟುತನಗಳಲ್ಲಿ ಬಹುಭಾಗ ಬಿಸಿಲಿನ ಕೃತಿ. 2012ರಲ್ಲಿ ಅಮೆರಿಕದ ಒಂದು ವೈದ್ಯಪತ್ರಿಕೆಯಲ್ಲಿ 69 ವರ್ಷದ ಲಾರಿ ಚಾಲಕನೊಬ್ಬನ ಭಾವಚಿತ್ರ ಅಚ್ಚಾಯಿತು. 28 ವರ್ಷ ಲಾರಿ ನಡೆಸಿದವನು. ಅಲ್ಲಿ ಚಾಲಕನು ಎಡಗಡೆ ಕುಳಿತುಕೊಳ್ಳುವುದರಿಂದ ಕಿಟಕಿಯ ಬಿಸಿಲು ಮುಖದ ಎಡಭಾಗಕ್ಕೆ ಬೀಳುತ್ತಿತ್ತು. ಬಲಗೆನ್ನೆ ಅವನ ವಯಸ್ಸಿಗೆ ತಕ್ಕಂತಿತ್ತು. ಎಡಗೆನ್ನೆ ದಪ್ಪಗಟ್ಟಿ, ಉತ್ತ ಹೊಲದಂತೆ ಸುಕ್ಕುಗಟ್ಟಿತ್ತು. ನೇರಳಾತೀತ ಕಿರಣಗಳಲ್ಲಿ ಒಂದು ಬಗೆ ಗಾಜನ್ನೂ ದಾಟಿ ಬರುತ್ತದೆ. ಒಂದೇ ಮುಖ, ಒಂದೇ ಆಹಾರ, ಒಂದೇ ವಂಶ, ಭೇದವಾದುದು ಬಿಸಿಲೊಂದೇ.

ತಡೆದರೆ ಫಲವುಂಟೆ? ಆಸ್ಟ್ರೇಲಿಯದ ನ್ಯಾಂಬೌರ್ ಎಂಬ ಊರಿನಲ್ಲಿ 1992ರಿಂದ ನಾಲ್ಕೂವರೆ ವರ್ಷ ಇದನ್ನು ಪರೀಕ್ಷಿಸಿದರು. 55 ವರ್ಷಕ್ಕೆ ಕಡಮೆ ವಯಸ್ಸಿನ 903 ಮಂದಿಯ ಚರ್ಮದ ಅಚ್ಚನ್ನು ತೆಗೆದು ನೋಡಲಾಗಿ, ಪ್ರತಿದಿನ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮವು ಮನಸ್ಸು ಬಂದಾಗ ಹಚ್ಚಿದವರದಕ್ಕಿಂತ ಶೇಕಡ 24ರಷ್ಟು ಕಡಮೆ ಮುಪ್ಪಾಗಿತ್ತು. ಎರಡು ಗುಂಪಿಗೂ ಲೇಪವು ಸುಲಭವೇ. ಮುಖ್ಯ ವ್ಯತ್ಯಾಸವಿದ್ದುದು ನಿತ್ಯದಲ್ಲಿ.

“ನಮ್ಮದು ಕಂದುಬಣ್ಣ, ನಮಗೇಕೆ?” ಎಂದು ಕೇಳುವವರುಂಟು. ನಮ್ಮ ಚರ್ಮದಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯವು ತಕ್ಕಮಟ್ಟಿಗೆ ಕೊಡೆಯೇ ಸರಿ. ಸುಕ್ಕು ನಮಗೆ ತಡವಾಗಿ ಬರುವುದು ಅದರ ಉಪಕಾರದಿಂದಲೇ. ಆ ದ್ರವ್ಯವನ್ನೇ ಕೆನ್ನೆಯಿಂದ ಅಳಿಸಲು ಹಣ ತೆರುವುದು ಎಂತಹ ವಿಪರೀತವೆಂಬುದನ್ನು ಇಲ್ಲಿ ಯೋಚಿಸಬಹುದು. ಆದರೂ ನಮಗೆ ಬಂಗಿನಂತಹ ಕಪ್ಪು ಕಲೆಗಳ ಕಾಟ ಹೆಚ್ಚು. ಅದನ್ನು ಕಣ್ಣಿಗೆ ಕಾಣುವ ಬೆಳಕೂ ಕೆರಳಿಸುತ್ತದೆ. ಆದುದರಿಂದ ಕಬ್ಬಿಣದ ಆಕ್ಸೈಡ್ ಸೇರಿದ, ಮೈಬಣ್ಣದ ಛಾಯೆಯುಳ್ಳ ಸನ್‌ಸ್ಕ್ರೀನ್ ನಮ್ಮವರಿಗೆ ಹೆಚ್ಚು ಉಪಯುಕ್ತ. ಎಸ್.ಪಿ.ಎಫ್. 30 ಎಂದು ನಮೂದಿಸಿದುದು ಸಾಕು. ಚರ್ಮವನ್ನು ಕೆಂಪಾಗಿಸುವ ಕಿರಣಗಳಲ್ಲಿ ಅದು ನೂರಕ್ಕೆ ಸುಮಾರು 97ನ್ನು ತಡೆಯುತ್ತದೆ. ಆದರೆ ಮುಖಕ್ಕೂ ಕುತ್ತಿಗೆಗೂ ಸೇರಿ ಎರಡು ಬೆರಳುದ್ದ ಲೇಪ ಬೇಕು; ಉಪ್ಪಿನಕಾಯಿಯಂತೆ ತುದಿಬೆರಳಲ್ಲಿ ಮುಟ್ಟಿಸಿದರೆ ಆ ಲೆಕ್ಕ ನಿಲ್ಲದು. ಹೊರಗೇ ದುಡಿಯುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಇಷ್ಟು ವೆಚ್ಚ ಕೈಗೂಡದವರಿಗೆ ಕೊಡೆ, ತುಂಬುತೋಳಿನ ಅಂಗಿ, ತಲೆಗೆ ವಸ್ತ್ರ ಇವು ಯಾವ ಲೇಪಕ್ಕೂ ಕೀಳಲ್ಲ.

ಮನೆಮದ್ದುಗಳ ಬಗ್ಗೆ ಒಂದು ಮಾತು. ಕಡಲೆಹಿಟ್ಟು, ಹೆಸರುಹಿಟ್ಟುಗಳಿಂದ ಸಾಮಾನ್ಯವಾಗಿ ಅಪಾಯವಿಲ್ಲ. ನಿಂಬೆರಸವನ್ನು ಮುಖಕ್ಕೆ ಹಚ್ಚಿ ಬಿಸಿಲಿಗೆ ಹೋದರೆ ಮಾತ್ರ ಸುಟ್ಟಂತೆ ಬೊಬ್ಬೆಯೆದ್ದು ಕಲೆ ಉಳಿಯುವುದುಂಟು. ಮನೆಯದೆಂದ ಮಾತ್ರಕ್ಕೆ ನಿರಪಾಯವಲ್ಲ. ಹಣೆಗೆ ಅಂಟಿಸುವ ಬಿಂದಿಯ ಅಂಟಿನಲ್ಲಿರುವ ರಾಸಾಯನಿಕದಿಂದ ಕೆಲವರಿಗೆ ಆ ಸ್ಥಳದಲ್ಲೇ ಬಿಳಿಯ ಮಚ್ಚೆಯಾಗುತ್ತದೆ. ಹಾಗೆ ಕಂಡೊಡನೆ ಬಿಡಬೇಕು. ಯಾವ ಹೊಸ ವಸ್ತುವನ್ನೇ ಆಗಲಿ ಮೊದಲು ಮುಂಗೈಯ ಒಳಭಾಗಕ್ಕೆ ಒಂದು ವಾರ ಹಚ್ಚಿ ನೋಡಿ, ಆಮೇಲೆ ಮುಖಕ್ಕೆ ತರುವುದು ಕ್ಷೇಮ. ಎರಡು ಹೊಸ ವಸ್ತುಗಳನ್ನು ಒಟ್ಟಿಗೆ ಆರಂಭಿಸಿದರೆ ತಪ್ಪು ಯಾವುದರದೆಂಬುದೇ ತಿಳಿಯದು.

ತಿಂಗಳಿಗೊಮ್ಮೆ ಕನ್ನಡಿಯ ಮುಂದೆ ಬೆನ್ನು, ಅಂಗಾಲು, ಬೆರಳ ಸಂದುಗಳನ್ನೂ ನೋಡಿಕೊಳ್ಳಬೇಕು. ಸಕ್ಕರೆ ರೋಗವಿರುವವರು ಪಾದವನ್ನು ದಿನವೂ ನೋಡಬೇಕು. ಬೆಳೆಯುತ್ತಿರುವ ಮಚ್ಚೆ, ಮಾಯದ ಹುಣ್ಣು, ಮುಖ್ಯವಾಗಿ ಸ್ಪರ್ಶಜ್ಞಾನವಿಲ್ಲದ ಮಾಸಲು ಮಚ್ಚೆ ಕಂಡರೆ ಅದಕ್ಕೆ ಲೇಪವನ್ನು ಹುಡುಕದೆ ವೈದ್ಯರಿಗೆ ತೋರಿಸಬೇಕು. ಕಡೆಯದು ಕುಷ್ಠದ ಚಿಹ್ನೆಯಾಗಿರಬಹುದು. ಸರ್ಕಾರದ ಆಸ್ಪತ್ರೆಗಳಲ್ಲಿ ಅದಕ್ಕೆ ಉಚಿತವಾದ ಔಷಧವಿದೆ, ಆರು ತಿಂಗಳಿಂದ ಒಂದು ವರ್ಷದಲ್ಲಿ ಗುಣವಾಗುತ್ತದೆ. ಅಂತಹುದನ್ನು ಪೌಡರಿನಿಂದ ಮುಚ್ಚಿಟ್ಟುಕೊಂಡು ಕಾಲ ಕಳೆದವರನ್ನು ಕಂಡಿದ್ದೇವೆ.

ನಮ್ಮ ಅಕ್ಕನ ಮಗಳ ಚರ್ಮ ಚೇತರಿಸಿಕೊಳ್ಳಲು ಒಂದು ವರ್ಷದ ಮೇಲೆ ಹಿಡಿಯಿತು. ವೈದ್ಯರು ಮುಲಾಮನ್ನು ಕ್ರಮವಾಗಿ ಬಿಡಿಸಿದರು. ಉರಿಯನ್ನು ತಡೆದು ಕೂತದ್ದು ಅವಳ ಧೈರ್ಯ. ಎಡಗೆನ್ನೆಯಲ್ಲಿ ಎರಡು ಕೆಂಪು ಎಳೆಗಳು ಇಂದಿಗೂ ಉಳಿದಿವೆ. ಮೊನ್ನೆ ಅವಳ ಮನೆಗೆ ಹೋಗಿದ್ದಾಗ ಬಚ್ಚಲಿನ ಗೂಡಿನಲ್ಲಿ ಮೂರೇ ಸೀಸೆಗಳಿದ್ದುವು. ಬಣ್ಣದ ಮಾತೆತ್ತಿದ ಮನೆಗಳಿಗೆ ಅವಳು ತಾನೇ ಬೇಡವೆಂದು ಹೇಳಿ ಕಳುಹಿಸಿದ್ದಳು. ಮಧ್ಯಾಹ್ನ ನಮ್ಮನ್ನು ಬಸ್ಸಿನ ನಿಲ್ದಾಣದವರೆಗೆ ಕಳುಹಿಸಲು ಹೊರಟವಳು, “ಮಾವ, ನಿಮ್ಮ ಬೋಳುತಲೆಗೂ ಬಿಸಿಲು ತಾಕುತ್ತದೆ” ಎಂದು ತನ್ನ ಕೊಡೆಯನ್ನು ಅರ್ಧ ನಮ್ಮ ಕಡೆಗೆ ವಾಲಿಸಿದಳು.