ಕಾಲುವೆಯ ಕೊನೆಯಲ್ಲಿ ಒಂದು ವಿದ್ಯಾಪ್ರಾಂಗಣ



ಗಂಗಾಮೂಲದಲ್ಲಿ ಹುಟ್ಟುವ ತುಂಗಾ ಮತ್ತು ಭದ್ರಾ ನದಿಗಳು ಕೂಡಲಿಯಲ್ಲಿ ಒಂದಾಗುತ್ತವೆ. ಹೊಸಪೇಟೆಯ ಬಳಿಯ ಅಣೆಕಟ್ಟಿನಿಂದ ಆ ನೀರು ಎಡದಂಡೆ ಕಾಲುವೆಯಲ್ಲಿ 227 ಕಿ.ಮೀ. ಹರಿಯುತ್ತದೆ. ಅದರ ಕೊನೆಭಾಗದಲ್ಲಿರುವವು ಮಾನ್ವಿ ಹಾಗೂ ರಾಯಚೂರಿನ ಹೊಲಗಳು. ಮಲೆನಾಡಿನ ಮಳೆಯನ್ನು ನಂಬಿ ಬದುಕುವ ಬಯಲುಸೀಮೆ ಅದು.

ಪ್ರಾಂಗಣದ ಪರಿಸರ ಕಾರ್ಯವೆಂದರೆ ಬಹುಕಾಲ ವನಮಹೋತ್ಸವದ ಒಂದು ದಿನವೇ ಆಗಿತ್ತು. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ನೀಡಿದ ನಿರ್ದೇಶನದ ಫಲವಾಗಿ ಪರಿಸರ ಅಧ್ಯಯನವು ಕಾಲೇಜುಗಳ ಪಠ್ಯವನ್ನು ಸೇರಿತು. ಆದರೆ ಪಠ್ಯಕ್ಕಿಂತ ಮೊದಲೇ ದಾರಿ ತೋರಿದವರಿದ್ದರು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಕೇಂದ್ರವನ್ನು ಕಟ್ಟಿದರು. ಅಲ್ಲಿಯ ವಿಜ್ಞಾನಿಗಳು ತುಮಕೂರು ಜಿಲ್ಲೆಯ ಉಂಗ್ರ ಗ್ರಾಮಕ್ಕೆ ಹೋಗಿ, ಹೆಣ್ಣುಮಕ್ಕಳು ಸೌದೆಗೆ ಎಷ್ಟು ದೂರ ನಡೆಯುತ್ತಾರೆಂದು ಅಳೆದರು. ಆ ಅಳತೆಯ ಬೆನ್ನಿಗೆ ಬಂದುದು ಅಸ್ತ್ರ ಒಲೆ. ವಿದ್ಯೆ ತನ್ನ ಗೋಡೆಯನ್ನು ದಾಟಿದಾಗ ಮಾತ್ರ ಪರಿಸರಕ್ಕೆ ನೆರವಾಗುತ್ತದೆ ಎಂಬುದು ಅಂದಿನ ಪಾಠ.

ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವು 2009ರಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದಿಂದ ಬೇರ್ಪಟ್ಟಿತು. ಅದರ ಮುಂದಿದ್ದ ಪ್ರಶ್ನೆ ಸಣ್ಣದಲ್ಲ. ಎಡದಂಡೆ ಕಾಲುವೆಯನ್ನು ರೂಪಿಸಿದ್ದು ಬಹುಪಾಲು ಕಡಿಮೆ ನೀರಿನ ಬೆಳೆಗಳಿಗಾಗಿ. ಮೇಲ್ಭಾಗದಲ್ಲಿ ಭತ್ತ ವ್ಯಾಪಿಸಿತು. ನೀರು ನಿಂತ ಕಪ್ಪು ನೆಲ ಸವಳು-ಜವಳಾಯಿತು. ಮಾನ್ವಿಯ ಕೊನೆಭಾಗದ ರೈತರೋ ನೀರಿಗಾಗಿ ರಸ್ತೆಗಿಳಿಯಬೇಕಾಯಿತು. ಒಂದೇ ಕಾಲುವೆಯಲ್ಲಿ ಅತಿ ನೀರಿನ ಕೇಡೂ ನೀರಿಲ್ಲದ ಕೇಡೂ ಕೂಡಿ ಬಂದವು.

ಈ ವಿಶ್ವವಿದ್ಯಾಲಯದ ಗಂಗಾವತಿ ಕೇಂದ್ರವು ಸವಳು ಭೂಮಿಯ ಸುಧಾರಣೆಗೆ ನೆಲದೊಳಗಿನ ಬಸಿಗಾಲುವೆಗಳನ್ನು ಪರೀಕ್ಷಿಸಿದೆ. ಗದ್ದೆಯನ್ನು ಕೆಸರು ಮಾಡಿ ನಾಟಿ ಹಾಕುವ ಬದಲು ಒಣ ನೆಲದಲ್ಲಿ ಕೂರಿಗೆಯಿಂದ ಭತ್ತ ಬಿತ್ತುವ ಪದ್ಧತಿಯನ್ನು ವಿಶ್ವವಿದ್ಯಾಲಯವು ರೈತರಲ್ಲಿಗೆ ಒಯ್ದಿದೆ. ಇದರಿಂದ ನೀರು ಉಳಿಯುತ್ತದೆ, ಸಸಿಮಡಿಯ ಕೆಲಸ ತಪ್ಪುತ್ತದೆ. ಕಳೆ ಮಾತ್ರ ಹೆಚ್ಚುತ್ತದೆ. ಅದಕ್ಕೆ ಕಳೆನಾಶಕವನ್ನೇ ನೆಚ್ಚಿದರೆ ಉಳಿದ ನೀರು ವಿಷವನ್ನು ಹೊರುತ್ತದೆ. ಆದ್ದರಿಂದ ಎಡೆಕುಂಟೆಯನ್ನೂ ಬೆಳೆ ಪರಿವರ್ತನೆಯನ್ನೂ ಜೊತೆಗಿಟ್ಟುಕೊಂಡೇ ಈ ಪದ್ಧತಿಯನ್ನು ತೂಗಬೇಕು.

ದೇವದುರ್ಗದ ಸ್ಥಿತಿ ಬೇರೆ. ಅಲ್ಲಿಗೆ ಕೃಷ್ಣೆಯ ನೀರು ನಾರಾಯಣಪುರ ಬಲದಂಡೆ ಕಾಲುವೆಯಿಂದ, ಬಹಳ ತಡವಾಗಿ ಬಂದಿತು. ಜೋಳ, ತೊಗರಿ, ಹತ್ತಿಯ ಆ ನೆಲ ತುಂಗಭದ್ರೆಯ ತಪ್ಪನ್ನು ಮತ್ತೊಮ್ಮೆ ಮಾಡಬೇಕಿಲ್ಲ. ಅದನ್ನು ಮೊದಲೇ ತಿಳಿಸುವ ಹೊಣೆ ಪ್ರಾಂಗಣದ್ದು.

ಹೊಣೆ ಇಲ್ಲಿಯೂ ಇದೆ. ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ 2016ರ ಸಮೀಕ್ಷೆಯ ವೇಳೆಗೆ ಸುಮಾರು 105ಕ್ಕೆ ಇಳಿದಿತ್ತು. ಉಳಿದ ಜಾಗವನ್ನು ಹೂಳು ತುಂಬಿತು. 2024ರ ಆಗಸ್ಟ್‌ನಲ್ಲಿ 19ನೆಯ ಗೇಟು ಕೊಚ್ಚಿಹೋದಾಗ ಮಾನ್ವಿಯ ರೈತರ ಎದೆ ನಡುಗಿತು. ಗೇಟು ಒಡೆದುದನ್ನು ಎಲ್ಲರೂ ಕಂಡರು. ಹೂಳು ಮಾತ್ರ ಸದ್ದಿಲ್ಲದೆ, ವರ್ಷವರ್ಷವೂ ಬರುತ್ತದೆ. ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಅದಕ್ಕಾಗಿ ಹೋರಾಡಿದವರು ತಮಗರಿಯದ ಮಾನ್ವಿಯ ಹೊಲಗಳನ್ನೂ ಕಾದರು.

ವಿದ್ಯಾರ್ಥಿಗಳು ಮಾಡಬಹುದಾದ ಮೊದಲ ಕೆಲಸ ಸರಳವಾದುದು: ತಮ್ಮ ವಸತಿನಿಲಯ ದಿನಕ್ಕೆ ಎಷ್ಟು ನೀರು ಬಳಸುತ್ತದೆ, ಬಳಸಿದ ನೀರು ಎಲ್ಲಿಗೆ ಹೋಗುತ್ತದೆ, ಮಳೆಯ ನೀರು ಎಲ್ಲಿ ಇಂಗುತ್ತದೆ ಎಂದು ಅಳೆದು ಬರೆದಿಡುವುದು. ನೆಟ್ಟ ಗಿಡಗಳನ್ನು ಎಣಿಸುವ ಬದಲು ಮೂರನೆಯ ಬೇಸಿಗೆಯಲ್ಲಿ ಬದುಕಿರುವ ಗಿಡಗಳನ್ನು ಎಣಿಸುವುದು. ಗ್ರಾಮಬಾಂಧವರ ಕೆಲಸ ಹೊಳೆದಂಡೆಯ ಕಾಡನ್ನೂ ಗುಡ್ಡದ ಹುಲ್ಲನ್ನೂ ಉಳಿಸಿಕೊಳ್ಳುವುದು. ಮೇಲೆ ಮಣ್ಣು ನಿಂತರೆ ಕೆಳಗೆ ನೀರು ನಿಲ್ಲುತ್ತದೆ. ಕಾಲುವೆಯ ಕೊನೆಯ ಹೊಲಕ್ಕೆ ನೀರು ತಲುಪಿದ ದಿನವೇ ಈ ಎರಡೂ ಕೆಲಸಗಳು ಸಾರ್ಥಕ.