ಅವರವರ ತಾಯ್ನುಡಿಯಲ್ಲಿ
(ಪಂಚಾಶತ್ತಮ ಹಬ್ಬದ ಪ್ರಬೋಧನೆ)



ಇಂದು ಪಂಚಾಶತ್ತಮ ಹಬ್ಬ, ನಮ್ಮ ಧರ್ಮಸಭೆಯ ಹುಟ್ಟುಹಬ್ಬ. ಮೊದಲನೆಯ ವಾಚನವನ್ನು ಓದಿದ ನಮ್ಮ ಹುಡುಗಿ ಪಾರ್ಥಿಯರು, ಮೇದ್ಯರು, ಎಲಾಮಿನವರು ಎಂಬ ಹೆಸರುಗಳು ಬಂದಾಗ ಸ್ವಲ್ಪ ತಡವರಿಸಿದಳು. ತಪ್ಪೇನಿಲ್ಲ ಮಗಳೇ, ಗುರುಗಳೂ ಅಲ್ಲಿ ತಡವರಿಸುತ್ತಾರೆ. ಆದರೆ ಸಂತ ಲೂಕರು ಆ ಹೆಸರುಗಳನ್ನು ಒಂದೊಂದಾಗಿ ಬರೆದಿದ್ದಾರೆ. 'ಅನೇಕ ದೇಶಗಳ ಜನರು' ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಏಕೆ ಮುಗಿಸಲಿಲ್ಲ?

ಅಂದು ಪವಿತ್ರಾತ್ಮರು ಇಳಿದು ಬಂದಾಗ ಜೆರುಸಲೇಮಿನಲ್ಲಿ ನೆರೆದಿದ್ದವರೆಲ್ಲ ದಿಢೀರನೆ ಗಲಿಲೇಯದ ಭಾಷೆ ಕಲಿತುಬಿಡಲಿಲ್ಲ. ಮಾತನಾಡಿದವರು ಗಲಿಲೇಯದ ಶಿಷ್ಯರು. ಕೇಳಿದವರಿಗೆ ದೇವರ ಮಹತ್ಕಾರ್ಯಗಳು ಅವರವರ ತಾಯ್ನುಡಿಯಲ್ಲೇ ಕೇಳಿಸಿದವು. ಬಾಬೆಲಿನಲ್ಲಿ ಜನರು ಒಂದೇ ಭಾಷೆ, ಒಂದೇ ಗೋಪುರ ಎಂದು ಹೊರಟು ಚದುರಿಹೋದರು. ಜೆರುಸಲೇಮಿನಲ್ಲಿ ಭಾಷೆಗಳು ಹಲವಾಗಿಯೇ ಉಳಿದವು, ಹೃದಯಗಳು ಒಂದಾದವು.

ಇನ್ನು ಕೆಲವೇ ವಾರಗಳಲ್ಲಿ ನಮ್ಮ ಧರ್ಮಕೇಂದ್ರದ ಹಲವು ಮಕ್ಕಳು ಪಿಯುಸಿ ಮುಗಿಸಿ ಬೆಂಗಳೂರು, ಮೈಸೂರು, ಮಂಗಳೂರಿನ ಕಾಲೇಜುಗಳಿಗೆ ಹೊರಡುತ್ತಾರೆ. "ಫಾದರ್, ಹಾಸ್ಟೆಲಿನಲ್ಲಿ ಎಂಥೆಂಥವರು ಇರ್ತಾರೋ ಏನೋ" ಎಂದು ತಾಯಂದಿರು ನನ್ನ ಬಳಿ ಆತಂಕ ಹೇಳಿಕೊಳ್ಳುತ್ತಾರೆ. ಅವರಿಗಾಗಿ ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ.

ಸುಮಾರು 25 ವರ್ಷಗಳ ಹಿಂದೆ ನಾನು ಗುರುಮಠದ ವಿದ್ಯಾರ್ಥಿಯಾಗಿ ಬೆಂಗಳೂರಿನಲ್ಲಿ ಪದವಿ ಓದುತ್ತಿದ್ದೆ. ಹಾಸ್ಟೆಲಿನಲ್ಲಿ ನನ್ನ ಕೋಣೆಗೆ ನಾಗಾಲ್ಯಾಂಡಿನ ಒಬ್ಬ ಹುಡುಗ ಬಂದ. ಅವನ ಹೆಸರು ನನ್ನ ನಾಲಿಗೆಗೆ ಹೊರಳುತ್ತಿರಲಿಲ್ಲ. ಹಾಗಾಗಿ 'ನಾಗಾ' ಎಂದೇ ಕರೆಯುತ್ತಿದ್ದೆ. ಅವನ ಬಳಿ ಊರಿನಿಂದ ತಂದ ಒಂದು ಬಾಟಲಿ ಇತ್ತು. ಮೆಸ್ಸಿನ ಅನ್ನದ ಜೊತೆ ಅದರಿಂದ ಒಂದು ಚಮಚ ಹಾಕಿಕೊಳ್ಳುತ್ತಿದ್ದ. ಮುಚ್ಚಳ ತೆಗೆದರೆ ಕೋಣೆಯೆಲ್ಲ ಹುಳಿ ವಾಸನೆ. ನಾನು ಸಹಿಸಲಾರದೆ ವಾರ್ಡನ್ ಬಳಿ ದೂರು ಕೊಟ್ಟೆ. ಅವನು ಒಂದು ಮಾತನ್ನೂ ಆಡದೆ ಬಾಟಲಿಯನ್ನು ಹೊರಗೆ ಇಟ್ಟ. ಅಂದಿನಿಂದ ಬರೀ ಅನ್ನ, ತಿಳಿಸಾರು ಉಣ್ಣತೊಡಗಿದ.

ಆ ಮಳೆಗಾಲದಲ್ಲಿ ನಾಲ್ಕು ದಿನದ ರಜೆಗೆ ಊರಿಗೆ ಹೋದೆ. ನಮ್ಮದು ಮಲೆನಾಡು. ಹಿತ್ತಲಿಗೆ ಕಾಲಿಟ್ಟೊಡನೆ ಅದೇ ವಾಸನೆಯ ನೆನಪು! ನೋಡಿದರೆ ಅಮ್ಮ ಎಳೆಬಿದಿರು ಹೆಚ್ಚಿ, ದಿನವೂ ನೀರು ಬದಲಿಸುತ್ತಾ ನೆನೆಹಾಕಿದ್ದರು. ನನಗೆ ಪ್ರಿಯವಾದ ಕಳಲೆ! ಗೆಳೆಯನ ಬಾಟಲಿಯಲ್ಲಿ ಇದ್ದದ್ದೂ ಕಳಲೆಯೇ. ನಾವು ನೀರಿನಲ್ಲಿ ನೆನೆಹಾಕುತ್ತೇವೆ, ಅವರು ಹುಳಿ ಬರಿಸುತ್ತಾರೆ, ಅಷ್ಟೇ. ನಾನು ದೂರು ಕೊಟ್ಟದ್ದು ಒಬ್ಬ ತಾಯಿಯ ಕೈಯಡುಗೆಯ ಮೇಲೆ. ಅಂದು ಊಟ ಗಂಟಲಿನಲ್ಲಿ ಇಳಿಯಲಿಲ್ಲ.

ಕಳಲೆ ಉಪ್ಪಿನಕಾಯಿಯ ಒಂದು ಬಾಟಲಿ ಹಿಡಿದು ಮರಳಿದೆ. ಅವನ ಮುಂದಿಟ್ಟು ಕ್ಷಮೆ ಕೇಳಿದೆ. ಅವನು ರುಚಿ ನೋಡಿ ನಕ್ಕ, ಹೊರಗಿದ್ದ ತನ್ನ ಬಾಟಲಿಯನ್ನು ಒಳಗೆ ತಂದ. ಆಗ ಮೊದಲ ಬಾರಿಗೆ "ನಿನ್ನ ಹೆಸರನ್ನು ಸರಿಯಾಗಿ ಹೇಳಿಕೊಡು" ಎಂದೆ. ನಾಗಾ ಎಂಬುದು ಒಂದೇ ಜನವಲ್ಲ. ಅಂಗಾಮಿ, ಆವೊ, ಸುಮಿ, ಲೋಥಾ ಎಂದು ಹಲವು ಬುಡಕಟ್ಟುಗಳಿವೆ, ಅವುಗಳಿಗೆ ತಮ್ಮ ತಮ್ಮ ಭಾಷೆಗಳಿವೆ, ಪರಸ್ಪರ ಮಾತಿಗೆ ನಾಗಾಮೀಸ್ ಇದೆ ಎಂದು ಅಂದು ತಿಳಿಯಿತು. ಅವನು ನಮ್ಮ ಮಲೆನಾಡಿನ ಬಗ್ಗೆ ಕೇಳಿದ. ಉತ್ತರಿಸಲು ಹೊರಟಾಗ ನನ್ನ ಊರೂ ನನಗೆ ಹೊಸದಾಗಿ ಕಂಡಿತು. ಇನ್ನೊಬ್ಬರದನ್ನು ಮೆಚ್ಚಿದರೆ ನಮ್ಮದು ಕಳೆದುಹೋಗುವುದಿಲ್ಲ.

2012ರ ಆಗಸ್ಟ್ ತಿಂಗಳು ನಿಮಗೆ ನೆನಪಿರಬಹುದು. ಹಲ್ಲೆ ನಡೆಯುತ್ತದೆ ಎಂಬ ಗಾಳಿಸುದ್ದಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ಗೆಳೆಯನ ತಂಗಿ ಆಗ ಅಲ್ಲಿ ಓದುತ್ತಿದ್ದಳು. ಅವನು ಫೋನ್ ಮಾಡಿದಾಗ "ಹೆದರಬೇಡ, ಅಲ್ಲೇ ಇರಲಿ" ಎಂದೆ. ಆದರೂ ಅವಳು ಹೊರಟುಹೋದಳು. ಆ ಬೀದಿಯಲ್ಲಿ ಎರಡು ವರ್ಷ ಇದ್ದರೂ ಅಕ್ಕಪಕ್ಕದವರಿಗೆ ಅವಳ ಹೆಸರೇ ಗೊತ್ತಿರಲಿಲ್ಲ. ಕಷ್ಟದಲ್ಲಿ ಹೋಗಿ ತಟ್ಟಲು ಅವಳಿಗೆ ಒಂದು ಬಾಗಿಲೂ ಇರಲಿಲ್ಲ. ಗಾಳಿಸುದ್ದಿ ಹಬ್ಬಿಸಿದವರು ಯಾರೋ ಇರಬಹುದು. ಆದರೆ ಅದನ್ನು ಅವಳು ನಂಬುವಂತೆ ಮಾಡಿದ್ದು ನಮ್ಮ ಮೌನ ಅಲ್ಲವೇ?

ಸಂತ ಲೂಕರು ಹೆಸರುಗಳನ್ನು ಒಂದೊಂದಾಗಿ ಏಕೆ ಬರೆದರೆಂದು ಈಗ ನನಗೆ ಅರ್ಥವಾಗುತ್ತದೆ. ದೇವರ ಮುಂದೆ ಯಾರೂ 'ಹೊರಗಿನವರು' ಎಂಬ ಗುಂಪಲ್ಲ.

ಕಾಲೇಜಿಗೆ ಹೊರಟಿರುವ ಮಕ್ಕಳೇ, ಕೋಣೆಯ ಜೊತೆಗಾರನ ಹೆಸರನ್ನು ಮೊದಲ ದಿನವೇ ಸರಿಯಾಗಿ ಕಲಿಯಿರಿ. ಅವನ ಭಾಷೆಯಲ್ಲಿ ಒಂದು ನಮಸ್ಕಾರ ಕಲಿಯಿರಿ. ಮೂಗು ಮುಚ್ಚುವ ಮೊದಲು "ಇದನ್ನು ಯಾರು ಮಾಡಿದರು?" ಎಂದು ಕೇಳಿರಿ. ತಾಯಿ ತಂದೆಯರೇ, ಮಕ್ಕಳು ರಜೆಗೆ ಬರುವಾಗ ಅಂಥ ಗೆಳೆಯರನ್ನು ಕರೆತರಲಿ. ನಿಮ್ಮ ಮನೆಯಲ್ಲಿ ಅವರಿಗೂ ಒಂದು ತಟ್ಟೆ ಇರಲಿ. ಕನ್ನಡ, ಕೊಂಕಣಿ, ತಮಿಳು, ಮಲಯಾಳಂ ಮಾತನಾಡುವ ನಾವೆಲ್ಲರೂ ಈ ಒಂದೇ ಬಲಿಪೀಠದ ಸುತ್ತ ನೆರೆದಿದ್ದೇವೆ. ಪೂಜೆ ಮುಗಿದ ಮೇಲೆ, ಇನ್ನೂ ಹೆಸರು ಗೊತ್ತಿಲ್ಲದ ಒಬ್ಬರನ್ನಾದರೂ ಮಾತನಾಡಿಸದೆ ಇಂದು ಮನೆಗೆ ಹೋಗುವುದು ಬೇಡ.

ಪವಿತ್ರಾತ್ಮರೇ, ಬನ್ನಿ. ನಮ್ಮ ನಾಲಿಗೆಯ ತೊಡಕನ್ನೂ ಹೃದಯದ ಬಿಗಿತವನ್ನೂ ಬಿಡಿಸಿರಿ. ಆಮೆನ್.