ನೆರೆಯ ಶಾಲೆಯ ಬಾಗಿಲು ನಮ್ಮ ಮಗುವಿಗೂ ತೆರೆಯಲಿ
(ಸದರ್ನ್ ಅವೆನ್ಯೂವಿನಲ್ಲಿ ಸೇರಿದ ಕಾರ್ಮಿಕ ಬಂಧುಗಳ ಮುಂದೆ ಮಾಡಿದ ಭಾಷಣ)



ಸಂಬಳ, ರಜೆ, ಬೋನಸ್ಸುಗಳ ಮಾತು ನಮ್ಮಲ್ಲಿ ಇದ್ದೇ ಇದೆ. ಇಂದು ಕಣ್ಣು ಕಾಣದ, ಕಿವಿ ಕೇಳದ, ನಡೆಯಲಾರದ, ಕಲಿಕೆಯಲ್ಲಿ ಹಿಂದುಳಿದ ನಮ್ಮ ಮಕ್ಕಳ ಓದಿನ ವಿಚಾರ ಮಾತಾಡೋಣ.

ಈ ಕಲ್ಕತ್ತೆಯಲ್ಲಿ ಕಿವಿ ಕೇಳದ ಮಕ್ಕಳ ಶಾಲೆ 1893ರಲ್ಲೇ ಹುಟ್ಟಿತು. 1897ರಲ್ಲಿ ಲಾಲ್ ಬಿಹಾರಿ ಷಾ ಅವರು ಅಂಧ ಮಕ್ಕಳ ಶಾಲೆ ತೆರೆದರು; ಅದು ಈಗ ಬೆಹಾಲಾದಲ್ಲಿದೆ. ಇವು ದೊಡ್ಡ ಕೆಲಸಗಳೇ ಸರಿ. ಆದರೆ ಇಷ್ಟು ದೊಡ್ಡ ನಗರಕ್ಕೆ ಇಂಥ ಕೆಲವು ಶಾಲೆಗಳು ಸಾಲವು. ದಿನಗೂಲಿ ಬಿಟ್ಟು ಮಗುವನ್ನು ನಿತ್ಯ ಅಷ್ಟು ದೂರ ಹೊತ್ತೊಯ್ಯುವ ಶಕ್ತಿಯೂ ನಮಗಿಲ್ಲ. ನಮಗೆ ಬೇಕಾದುದು ಮನೆಯ ಹತ್ತಿರದ ಸರಕಾರಿ ಶಾಲೆ.

ಅದು ದಯೆಯಲ್ಲ, ಹಕ್ಕು. ಶೇಕಡಾ 40 ಅಥವಾ ಹೆಚ್ಚಿನ ವೈಕಲ್ಯವುಳ್ಳ ಮಗು 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಾಗಲಿ, ತಾನು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಓದಬಹುದೆಂದು 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಹೇಳುತ್ತದೆ. ಪುಸ್ತಕ, ಕಲಿಕೆಯ ಸಾಮಗ್ರಿ, ಅಗತ್ಯ ಸಾಧನಗಳನ್ನೂ ಉಚಿತವಾಗಿ ಕೊಡಬೇಕು. ಪರೀಕ್ಷೆಯಲ್ಲಿ ಬರೆಯಲು ಸಹಾಯಕನನ್ನೂ ಹೆಚ್ಚಿನ ಸಮಯವನ್ನೂ ಕೇಳಬಹುದು.

ಶಾಲೆಗೆ ಸೇರಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೇ? ಕಲಿಸಬಲ್ಲವರಿಲ್ಲದೆ ಮಗು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿದ್ದರೆ ಅದು ಓದಲ್ಲ. ಆದ್ದರಿಂದಲೇ 2022ರಲ್ಲಿ ಕೇಂದ್ರ ಸರಕಾರವು, ಕಿರಿಯ ತರಗತಿಗಳಲ್ಲಿ ಇಂಥ 10 ಮಕ್ಕಳಿಗೆ, ಅದಕ್ಕೆ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರೆಂಬ ಪ್ರಮಾಣವನ್ನು ನಿಗದಿಪಡಿಸಿತು.

ಹೊಟ್ಟೆಪಾಡಿಗಾಗಿ ಊರೂರು ಅಲೆಯುವ ನಮಗೆ ಒಂದು ಮಾತು ಮುಖ್ಯ. ಒಂದು ರಾಜ್ಯದಲ್ಲಿ ಪಡೆದ ವೈಕಲ್ಯದ ಸರ್ಟಿಫಿಕೇಟು ದೇಶದಲ್ಲೆಲ್ಲಾ ನಡೆಯುತ್ತದೆ. ಊರಲ್ಲಿ ಮಾಡಿಸಿದ್ದರೆ ಇಲ್ಲಿಗೆ ತನ್ನಿರಿ. ಇಲ್ಲಿ ಮಾಡಿಸಿದ್ದರೆ ಊರಿಗೆ ಹೋಗುವಾಗ ಒಯ್ಯಿರಿ. ಹೆಂಡತಿ ಮಕ್ಕಳು ಕರ್ನಾಟಕದ ಊರಲ್ಲೇ ಇದ್ದರೆ ಅಲ್ಲಿನ ಕ್ಷೇತ್ರ ಶಿಕ್ಷಣಾಧಿಕಾರಿಯವರ ಕಚೇರಿಯಲ್ಲಿ ವಿಶೇಷ ಮಕ್ಕಳಿಗೆಂದೇ ನೇಮಿಸಿದ ಸಂಪನ್ಮೂಲ ಶಿಕ್ಷಕರನ್ನು ವಿಚಾರಿಸಲು ಮನೆಗೆ ಹೇಳಿ ಕಳಿಸಿರಿ.

"ಹಣೆಬರಹ" ಎಂದು ಮಗುವನ್ನು ಮನೆಯ ಮೂಲೆಯಲ್ಲಿ ಕೂರಿಸಬೇಡಿರಿ. ಶಾಲೆಯವರು "ಇಂಥ ಮಗು ನಮಗೆ ಬೇಡ" ಎಂದರೆ ಆ ಮಾತನ್ನು ಬರಹದಲ್ಲಿ ಕೊಡಲು ಕೇಳಿರಿ. ಒಬ್ಬರೇ ಹೋಗಲು ಅಳುಕಿದರೆ ನಾಲ್ವರು ಜೊತೆಯಾಗಿ ಹೋಗೋಣ. ಒಗ್ಗಟ್ಟು ಕೂಲಿಗೆ ಮಾತ್ರವಲ್ಲ, ಮಕ್ಕಳ ಅಕ್ಷರಕ್ಕೂ ಬೇಕು.